ಕೆರೆ ಕಟ್ಟಿಸಿದವರು, ಕೆರೆ ಕಟ್ಟಿದವರು

ಕೋಲಾರ ತಾಲ್ಲೂಕಿನ ನರಸಾಪುರ ಹೋಬಳಿಯಿಂದ ಹಿಡಿದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳವರೆಗೆ ಹಬ್ಬಿರುವ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿ ಬೆಟ್ಟಸಾಲಿನ ಕಡೆಯಿಂದ ಇಳಿದು ಬರುವ ಪಾಲಾರ್ ನದಿ ಈ ಜಿಲ್ಲೆಯನ್ನು ಹಾದು ತಮಿಳುನಾಡಿಗೆ ಹೋಗುತ್ತದೆಯಾದರೂ ಒಳ್ಳೆಯ ಮಳೆ ಬಿದ್ದ ಕೆಲವು ದಿನಗಳನ್ನು ಬಿಟ್ಟರೆ ಅದರ ಪಾತ್ರದಲ್ಲಿ ಕಾಣುವುದು ಮರಳೇ. ಹೀಗಾಗಿ ಇಲ್ಲಿನ ಬೇಸಾಯ, ಊರು, ಗುಡಿ, ಸಂತೆ ಎಲ್ಲವೂ ಕೆರೆಯನ್ನು ನೆಚ್ಚಿಕೊಂಡು ಬೆಳೆದವು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಿ ಹೋದ ಮೇಲೂ ಕೋಲಾರ ಜಿಲ್ಲೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕೆರೆಗಳು ಉಳಿದಿವೆ. ಇಷ್ಟೊಂದು ಕೆರೆಗಳನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಯನ್ನು ನರಸಾಪುರದ ಶಾಲೆಯೊಂದರಲ್ಲಿ ಹತ್ತು ವರ್ಷದ ಮಗು ಕೇಳಿದರೆ, ಚರಿತ್ರೆ ಬೋಧಿಸುವ ಉಪಾಧ್ಯಾಯರ ಕೈಯಲ್ಲಿರುವ ಪುಸ್ತಕಗಳು ಅದಕ್ಕೆ ಸುಲಭವಾಗಿ ಉತ್ತರ ಕೊಡುವುದಿಲ್ಲ. ಅವು ಉತ್ತರಿಸುವುದು ಬೇರೊಂದು ಪ್ರಶ್ನೆಗೆ: ಕೆರೆ ಕಟ್ಟಿಸಿದವರು ಯಾರು ಎಂಬುದಕ್ಕೆ.

ಕಟ್ಟು ಎಂಬ ಧಾತುವಿಗೂ ಕಟ್ಟಿಸು ಎಂಬ ಧಾತುವಿಗೂ ನಡುವೆ ಇರುವುದು ‘ಇಸು’ ಎಂಬ ಒಂದು ಪ್ರತ್ಯಯ. ವ್ಯಾಕರಣದಲ್ಲಿ ಇದಕ್ಕೆ ಪ್ರೇರಣಾರ್ಥಕ ಎಂದು ಹೆಸರು; ಎಂದರೆ ಕೆಲಸವನ್ನು ತಾನೇ ಮಾಡದೆ ಇನ್ನೊಬ್ಬರಿಂದ ಮಾಡಿಸುವ ಅರ್ಥವನ್ನು ಇದು ಕ್ರಿಯಾಪದಕ್ಕೆ ಕೂಡಿಸುತ್ತದೆ. ಮಾಡು ಎಂಬುದು ಮಾಡಿಸು ಆಗುತ್ತದೆ, ತೋಡು ಎಂಬುದು ತೋಡಿಸು ಆಗುತ್ತದೆ, ಬರೆ ಎಂಬುದು ಬರೆಸು ಆಗುತ್ತದೆ. ಹಳೆಗನ್ನಡದ ವ್ಯಾಕರಣವನ್ನು ಸೂತ್ರಗಳಲ್ಲಿ ಕಟ್ಟಿಕೊಟ್ಟ 13ನೆಯ ಶತಮಾನದ ಕೇಶಿರಾಜನಿಂದ ಹಿಡಿದು ಇಂದಿನ ಶಾಲಾ ವ್ಯಾಕರಣದವರೆಗೆ ಎಲ್ಲರೂ ಈ ಪ್ರತ್ಯಯವನ್ನು ರೂಪದ ದೃಷ್ಟಿಯಿಂದ ವಿವರಿಸಿದ್ದಾರೆ. ಆದರೆ ಈ ಪ್ರತ್ಯಯ ಸೇರಿದ ಕೂಡಲೇ ವಾಕ್ಯದ ಕರ್ತೃವಿನ ಸ್ಥಾನದಲ್ಲಿ ಹೊಸಬನೊಬ್ಬ ಬಂದು ಕುಳಿತು, ನಿಜವಾಗಿ ಕೆಲಸ ಮಾಡಿದವನು ವಾಕ್ಯದಿಂದಲೇ ಜಾರಿಹೋಗುತ್ತಾನೆಂಬುದನ್ನು ಚರಿತ್ರೆ ಓದುವವರು ಗಮನಿಸಿದ್ದು ಕಡಿಮೆ. ‘ಒಡ್ಡರು ಕೆರೆ ಕಟ್ಟಿದರು’ ಎಂದಾಗ ಮಣ್ಣು ಕಲ್ಲಿನ ಕೆಲಸದ ಒಡ್ಡರು ಕಾಣುತ್ತಾರೆ. ‘ಅರಸನು ಕೆರೆಯನ್ನು ಕಟ್ಟಿಸಿದನು’ ಎಂದಾಗ ಅರಸನೊಬ್ಬನೇ ಕಾಣುತ್ತಾನೆ. ‘ಒಡ್ಡರಿಂದ’ ಎಂಬ ಮಾತು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ವಾಕ್ಯಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಮುಳಬಾಗಿಲು ತಾಲ್ಲೂಕಿನ ಆವನಿಯ ಉದಾಹರಣೆ ಇದಕ್ಕೆ ತಕ್ಕದ್ದು. ರಾಮಾಯಣದ ಕಥೆಗಳೊಡನೆ ಜನರು ಬೆಸೆದುಕೊಂಡಿರುವ ಆ ಬೆಟ್ಟದ ಬುಡದಲ್ಲಿ ನೊಳಂಬ ಅರಸರ ಕಾಲದ ರಾಮಲಿಂಗೇಶ್ವರ ದೇಗುಲಗಳ ಸಮೂಹವಿದೆ. ನೊಳಂಬರು ಎಂದರೆ ಸುಮಾರು 8ನೆಯ ಶತಮಾನದಿಂದ 11ನೆಯ ಶತಮಾನದವರೆಗೆ ಇಂದಿನ ಕೋಲಾರ, ತುಮಕೂರು, ಚಿತ್ರದುರ್ಗ ಮತ್ತು ಆಂಧ್ರದ ಅನಂತಪುರದ ಸುತ್ತಣ ನಾಡನ್ನು ಆಳಿದ ಮನೆತನದವರು. ಅವರ ಕಾಲದಲ್ಲಿ, 10ನೆಯ ಶತಮಾನದ ಮೊದಲ ಭಾಗದಲ್ಲಿ, ಆವನಿಯ ಸ್ಥಾನಕ್ಕೆ, ಎಂದರೆ ಅಲ್ಲಿನ ಧರ್ಮಪೀಠಕ್ಕೆ, ಒಡೆಯನಾಗಿದ್ದ ತ್ರಿಭುವನಕರ್ತ ಎಂಬ ಶೈವ ಯತಿಯನ್ನು ಕುರಿತ ಶಾಸನವೊಂದು ಅಲ್ಲಿದೆ. ಅವನು ನಲವತ್ತು ವರ್ಷ ಆ ಸ್ಥಾನವನ್ನು ಆಳಿ, ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಅದು ಎಣಿಸಿ ಹೇಳುತ್ತದೆ. ನಲವತ್ತು ವರ್ಷಕ್ಕೆ ಐವತ್ತು ದೇಗುಲ ಎಂದರೆ ವರ್ಷಕ್ಕೊಂದಕ್ಕಿಂತ ಹೆಚ್ಚು. ಅಷ್ಟು ಕಲ್ಲನ್ನು ಬಂಡೆಯಿಂದ ಸೀಳಿ, ಹೊತ್ತು ತಂದು, ಉಳಿಯಿಂದ ಒಪ್ಪ ಮಾಡಿ ನಿಲ್ಲಿಸಿದವರ ಲೆಕ್ಕ ಆ ಶಾಸನದಲ್ಲಿ ಸಿಗುವುದಿಲ್ಲ. ಯತಿಯ ಸಾಧನೆ ಸುಳ್ಳೆಂದು ಇದರ ಅರ್ಥವಲ್ಲ. ಹಣ, ಧಾನ್ಯ, ಆಜ್ಞೆ, ನಂಬಿಕೆ ಇವನ್ನೆಲ್ಲ ಒಟ್ಟುಗೂಡಿಸುವ ಸಾಮರ್ಥ್ಯವೂ ಸಾಮರ್ಥ್ಯವೇ. ಆದರೆ ಶಾಸನದ ಕನ್ನಡ ನೆನಪಿಟ್ಟುಕೊಂಡದ್ದು ಆ ಸಾಮರ್ಥ್ಯ ಒಂದನ್ನೇ.

ಬೇತಮಂಗಲದ ಕೆರೆಯ ಕಥೆಯೂ ಇದೇ ದಾರಿಯದು. ಆ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. 10ನೆಯ ಶತಮಾನದಲ್ಲಿ ಅಲ್ಲಿನ ಹಿರಿಯ ಕೆರೆಯ ಏರಿ ಒಡೆದಾಗ ನೊಳಂಬರ ಆಳ್ವಿಕೆಯಲ್ಲಿ ಅದನ್ನು ಮತ್ತೆ ಕಟ್ಟಿಸಿದ ವಿಷಯ ಶಾಸನಕ್ಕೆ ಏರಿತು. ಸುಮಾರು ಸಾವಿರ ವರ್ಷ ಕಳೆದ ಮೇಲೆ, 20ನೆಯ ಶತಮಾನದ ಆರಂಭದಲ್ಲಿ, ಅದೇ ಕೆರೆಯ ನೀರನ್ನು ಕೋಲಾರ ಚಿನ್ನದ ಗಣಿಗೆ ಕೊಳವೆಯಲ್ಲಿ ಒಯ್ಯಲಾಯಿತು. ಗಣಿಯ ಇತಿಹಾಸದಲ್ಲೂ ಕಂಪನಿಯ ಹೆಸರುಗಳು ಸ್ಪಷ್ಟವಾಗಿವೆ, ನೆಲದಡಿ ಇಳಿದವರದು ಸಂಖ್ಯೆ ಮಾತ್ರ.

ಗಡಿಯಾಚೆ, ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆಯ ಶಾಸನವಿದೆ. ಅದು ಕೋಲಾರದ ಶಾಸನಗಳ ಗುಂಪಿಗೆ ಸೇರಿದ್ದಲ್ಲವಾದರೂ ಅದೇ ಬಯಲುಸೀಮೆಯದು, ಅದೇ ಕೆರೆವಿದ್ಯೆಯದು. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರನು 1369ರಲ್ಲಿ ಕಟ್ಟಿಸಿದ ಅನಂತರಾಜಸಾಗರ ಎಂಬ ಕೆರೆಯನ್ನು ಕುರಿತು ಸಂಸ್ಕೃತದಲ್ಲಿ ಬರೆದ ಈ ಶಾಸನ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಗಟ್ಟಿಜೇಡಿಯ ನೆಲ, ಸಿಹಿನೀರಿನ ಹೊಳೆ, ಅದಕ್ಕೆ ಒತ್ತಿಕೊಂಡ ಬೆಟ್ಟ, ಉದ್ದುದ್ದ ನೇರವಾದ ಕಲ್ಲು ಸಿಗುವ ಗಣಿ, ಹರವಾದ ಆಳವಾದ ಅಂಗಳ ಇವೆಲ್ಲ ಆ ಪಟ್ಟಿಯಲ್ಲಿವೆ. ಇಂದಿನ ಎಂಜಿನಿಯರ್ ಕೂಡ ತಳ್ಳಿಹಾಕಲಾರದ ಪಟ್ಟಿ ಅದು. ಅಂಗಗಳನ್ನು ಎಣಿಸಿರುವ ಕ್ರಮವನ್ನೂ ಗಮನಿಸಬೇಕು. ಮೊದಲನೆಯದು ಧರ್ಮಿಷ್ಠನೂ ಧನಿಕನೂ ಕೀರ್ತಿಯನ್ನು ಬಯಸುವವನೂ ಆದ ಅರಸ. ಎರಡನೆಯದು ಜಲಶಾಸ್ತ್ರ ಬಲ್ಲ ವಿದ್ವಾಂಸ. ಮಣ್ಣು, ಕಲ್ಲು, ನೀರು, ಬೆಟ್ಟ ಎಲ್ಲ ಮುಗಿದ ಮೇಲೆ ಹನ್ನೆರಡನೆಯದಾಗಿ, ಕಟ್ಟುವ ಕೆಲಸದಲ್ಲಿ ಪಳಗಿದ ಆಳುಗಳ ಗುಂಪು. ಹೀಗಿದ್ದೂ ಈ ಶಾಸನಕ್ಕೆ ಒಂದು ಹೆಚ್ಚುಗಾರಿಕೆ ಉಂಟು. ಎರಡು ವರ್ಷಗಳ ಕಾಲ ದಿನವೂ ಸಾವಿರ ಆಳು ಆ ಕೆಲಸದಲ್ಲಿ ದುಡಿದರೆಂದೂ ಕಲ್ಲು ಸಾಗಿಸಲು ನೂರು ಬಂಡಿಗಳಿದ್ದವೆಂದೂ ಅದು ಬರೆದಿಟ್ಟಿದೆ. ಹೆಸರಿಲ್ಲ, ಊರಿಲ್ಲ, ಆದರೆ ತಲೆ ಎಣಿಕೆಯಾದರೂ ಆಯಿತು. ಸಾವಿರಾರು ದಾನಶಾಸನಗಳ ನಡುವೆ ಈ ಮಟ್ಟದ ಪ್ರಾಮಾಣಿಕತೆ ಅಪರೂಪ.

ಕೋಲಾರ ಸೀಮೆಯ ಶಾಸನಗಳಲ್ಲಿ ಸಾಮಾನ್ಯ ಜನ ಕರ್ತೃವಾಗಿ ಬರುವುದೇ ಇಲ್ಲವೆಂದು ಭಾವಿಸಿದರೆ ತಪ್ಪಾಗುತ್ತದೆ. ಅವರು ಬರುವ ಜಾಗ ಒಂದಿದೆ, ಅದು ವೀರಗಲ್ಲು. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರ ಮೇಲೆ ಬಿದ್ದು ಕಾದಿದ, ಊರಳಿವಿನಲ್ಲಿ ಮಡಿದ, ಹುಲಿಯನ್ನೋ ಹಂದಿಯನ್ನೋ ಎದುರಿಸಿ ಸತ್ತ ಗಂಡಸರ ನೆನಪಿಗೆ ನಿಲ್ಲಿಸಿದ ಕಲ್ಲುಗಳಿವು. ತುರು ಎಂದರೆ ದನ; ತುರುಗೊಳ್ ಎಂದರೆ ದನಗಳ ಅಪಹಾರ. ಗಂಗರ ಮತ್ತು ನೊಳಂಬರ ಕಾಲದ ವೀರಗಲ್ಲುಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿ ಕೆರೆಯ ಏರಿಯ ಬದಿಯಲ್ಲಿ, ಹುಣಸೆಮರದ ಬುಡದಲ್ಲಿ, ಹೊಲದ ಬದುವಿನಲ್ಲಿ ಇಂದಿಗೂ ನಿಂತಿವೆ ಅಥವಾ ಒರಗಿವೆ. ಇಂಥ ಕಲ್ಲೊಂದರ ಮುಂದೆ ಕುಳಿತು ಹತ್ತಿರದಿಂದ ನೋಡಿದರೆ, ಬಿಲ್ಲೋ ಬಾಳೋ ಹಿಡಿದು ಒಂದು ಕಾಲು ಮುಂದಿಟ್ಟ ಆಳು, ಅವನ ಮೈಗೆ ನಾಟಿದ ಬಾಣಗಳು, ಕಾಲ ಬಳಿ ಕಿರಿದಾಗಿ ಕೆತ್ತಿದ ದನಗಳು, ಮೇಲೆ ಅವನನ್ನು ಎರಡು ಕಡೆಯಿಂದ ಎತ್ತಿ ಒಯ್ಯುವ ಅಪ್ಸರೆಯರು ಕಾಣುತ್ತಾರೆ. ಅಕ್ಷರಗಳು ಚಿತ್ರಕ್ಕೆ ಬಿಟ್ಟ ಜಾಗವನ್ನು ಬಳಸಿಕೊಂಡು ಅಂಚಿನಲ್ಲಿ ಸೊಟ್ಟಸೊಟ್ಟಾಗಿ ಹರಿದಿರುತ್ತವೆ, ಮಳೆಗೆ ಸವೆದು ಬೆರಳಿನಿಂದ ತಡವಿದರೆ ಮಾತ್ರ ಕೆಲವು ಸಿಗುತ್ತವೆ. ಆ ಅಕ್ಷರಗಳಲ್ಲಿ ಬರುವ ಕ್ರಿಯಾಪದಗಳು ಇರಿ, ಕಾದು, ಬೀಳು, ಸಾಯು. ‘ಇಸು’ ಇಲ್ಲದ, ನೇರವಾದ, ಮೈಯಿಂದ ಮಾಡುವ ಕ್ರಿಯೆಗಳು. ಇಂಥವನ ಮಗ ಇಂಥವನು ಕಾದಿ ಸತ್ತನು ಎಂದು ಹೆಸರು ಹಿಡಿದು ಶಾಸನ ಹೇಳುತ್ತದೆ. ಉಳ್ಳವನು ಬದುಕಿದ್ದಾಗ ಮಾಡಿಸಿದ್ದಕ್ಕೆ ಕಲ್ಲಿನ ಮೇಲೆ ಬಂದರೆ, ಇಲ್ಲದವನು ಅದೇ ಕಲ್ಲಿಗೆ ಬರಲು ಸಾಯಬೇಕಾಗಿತ್ತು.

ಈ ಸಾವಿಗೆ ಪ್ರತಿಯಾಗಿ ಕುಟುಂಬಕ್ಕೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಕೊಡಗೆ ಎಂದರೆ ಕೊಡುಗೆ, ನೆತ್ತರಿಗಾಗಿ ಕೊಟ್ಟದ್ದು ನೆತ್ತರುಗೊಡಗೆ. ಕಲ್ಲು ನಿಲ್ಲಿಸಿ ಕೊಟ್ಟ ನೆಲಕ್ಕೆ ಕಲ್ನಾಡು ಎಂದೂ ಹೇಳುತ್ತಿದ್ದರು. ಕೆರೆ ಕಟ್ಟಿಸಿದವನಿಗೆ ಸಿಗುತ್ತಿದ್ದ ನೆಲ ಕಟ್ಟುಗೊಡಗೆ. ಕೆರೆಯ ನೀರಿನಿಂದ ಬೆಳೆದ ಗದ್ದೆಯ ಒಂದು ಭಾಗವನ್ನು ಆ ಕೆರೆಯ ದುರಸ್ತಿಗೆಂದು ತೆಗೆದಿಡುವ ಏರ್ಪಾಡು ಬಿತ್ತುವಟ್ಟ. ಮೂಡಣ ಸೀಮೆಯಲ್ಲೂ ನೆರೆಯ ಆಂಧ್ರದಲ್ಲೂ ಹತ್ತರಲ್ಲೊಂದು ಪಾಲಿನ ಲೆಕ್ಕದಲ್ಲಿ ಕೊಡುತ್ತಿದ್ದ ದಶವಂದ ಎಂಬುದೂ ಇತ್ತು. ಈ ಪದಗಳನ್ನು ಕೇವಲ ನಿಘಂಟಿನ ಸಾಮಗ್ರಿಯೆಂದು ಬಿಡಬಾರದು. ಕೆರೆಯೊಂದನ್ನು ಕಟ್ಟಿ ಮುಗಿಸಿದೊಡನೆ ಕೆಲಸ ತೀರುವುದಿಲ್ಲ, ಏರಿಯ ಮಣ್ಣು ಕುಸಿಯುತ್ತದೆ, ಹೂಳು ತುಂಬುತ್ತದೆ, ಪ್ರತಿವರ್ಷ ಕೈ ಹಾಕದಿದ್ದರೆ ಕೆರೆ ಸಾಯುತ್ತದೆ ಎಂಬ ತಿಳಿವಳಿಕೆ ಬಿತ್ತುವಟ್ಟ ಎಂಬ ಒಂದು ಮಾತಿನೊಳಗೆ ಅಡಗಿದೆ. ಸಮಾಜದ ಬುದ್ಧಿ ಪುಸ್ತಕಗಳಲ್ಲಿ ಸಿಗದಿದ್ದಾಗ ಪದಗಳಲ್ಲಿ ಸಿಗುವುದು ಹೀಗೆ.

ದುಡಿದವರ ಹೆಸರು ಉಳಿಯದ ರೂಢಿಗೆ ವೀರಗಲ್ಲಿನಂತೆ ಇನ್ನೊಂದು ಅಪವಾದ ಇದೆ, ಅದು ಅಕ್ಷರ ಬಲ್ಲವರದು. ಗಂಗರ ಹಲವು ತಾಮ್ರಪಟಗಳ ಕೊನೆಯಲ್ಲಿ ಅವನ್ನು ಬರೆದ ವಿಶ್ವಕರ್ಮಾಚಾರ್ಯನ ಹೆಸರು ಬರುತ್ತದೆ. ಬೇಲೂರಿನ ವಿಗ್ರಹಗಳ ಪೀಠದ ಮೇಲೆ ದಾಸೋಜ, ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಶಾಸನ ಬರೆಸಿದವನ ಹೆಸರಿನ ಕೆಳಗೆ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಉಳಿದುಕೊಂಡದ್ದಕ್ಕೆ ಕಾರಣ ಸರಳವಾಗಿದೆ: ಉಳಿ ಅವರ ಕೈಯಲ್ಲಿತ್ತು, ಆ ಕೈಗೆ ಅಕ್ಷರ ಗೊತ್ತಿತ್ತು. ಬುಟ್ಟಿಯಲ್ಲಿ ಮಣ್ಣು ಹೊತ್ತವರ ಕೈಗೆ ಅದು ಗೊತ್ತಿರಲಿಲ್ಲ, ಗೊತ್ತಾಗಲು ಸಮಾಜ ಬಿಡಲೂ ಇಲ್ಲ. ಚರಿತ್ರೆಯ ಪ್ರಶ್ನೆ ಶಿಕ್ಷಣದ ಪ್ರಶ್ನೆಯಾಗುವುದು ಇಲ್ಲಿಯೇ.

ಈ ಎರಡು ಪ್ರಶ್ನೆಗಳನ್ನೂ ಒಬ್ಬನೇ ವ್ಯಕ್ತಿ ಕೈಗೆತ್ತಿಕೊಂಡ ಪ್ರಸಂಗ ಕೋಲಾರದ ಮಟ್ಟಿಗೆ ಒಂದುಂಟು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ಇಂದು ಶಾಸನತಜ್ಞನೆಂದೇ ಪ್ರಸಿದ್ಧ. ಆದರೆ ಅವನ ವೃತ್ತಿ ಶುರುವಾದದ್ದು ಉಪಾಧ್ಯಾಯನಾಗಿ. ಬೆಂಗಳೂರಿನಲ್ಲಿ ಶಾಲೆಯ ಮುಖ್ಯಸ್ಥನಾಗಿದ್ದು, ಬಳಿಕ ಶಾಲೆಗಳ ತನಿಖಾಧಿಕಾರಿಯಾಗಿ ಮೈಸೂರು ಸೀಮೆಯ ಹಳ್ಳಿಗಳನ್ನು ಕುದುರೆಯ ಮೇಲೆ ಸುತ್ತುತ್ತಿದ್ದಾಗ ಅವನ ಕಣ್ಣಿಗೆ ಬಿದ್ದದ್ದು ಊರ ಹೊರಗಿನ ಬರೆಹದ ಕಲ್ಲುಗಳು. ಅವನ್ನು ಓದಿಸಿಕೊಂಡು, ಓದಲು ಕಲಿತು, ಮುಂದೆ ಪುರಾತತ್ವ ಸಂಶೋಧನೆಯ ನಿರ್ದೇಶಕನಾಗಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಪುಟಗಳ ಮಾಲೆಯನ್ನು ಹೊರತಂದನು. ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಅಚ್ಚಾದವು. ಅವುಗಳಲ್ಲಿ ಹತ್ತನೆಯದು ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಕೆಳಗೆ ಸಂಖ್ಯೆ ಕೊಟ್ಟು, ಅದು ಯಾವ ಹಳ್ಳಿಯ ಯಾವ ಜಾಗದಲ್ಲಿದೆ ಎಂದು ಹೇಳಿ, ಮೂಲಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಕೊಟ್ಟಿರುವ ಈ ಸಂಪುಟವನ್ನು ತೆರೆದರೆ, ಹುಣಸೆಮರದ ಪೂರ್ವಕ್ಕೆ, ಕೆರೆ ತೂಬಿನ ಬಳಿ, ಇಂಥವರ ಹೊಲದಲ್ಲಿ ಎಂಬಂಥ ಗುರುತುಗಳು ಸಿಗುತ್ತವೆ. ನೂರಿಪ್ಪತ್ತು ವರ್ಷಗಳ ಹಿಂದಿನ ಆ ಹುಣಸೆಮರಗಳಲ್ಲಿ ಎಷ್ಟು ಉಳಿದಿವೆಯೋ, ಆ ಹೊಲಗಳಲ್ಲಿ ಎಷ್ಟು ನಿವೇಶನಗಳಾದವೋ, ಆ ಕಲ್ಲುಗಳಲ್ಲಿ ಎಷ್ಟು ಯಾರ ಮನೆಯ ಒಗೆಯುವ ಬಂಡೆಯಾದವೋ! ಈ ಸಂಪುಟವನ್ನು ಕೈಯಲ್ಲಿ ಹಿಡಿದು ತಮ್ಮ ಹೋಬಳಿಯನ್ನು ಒಮ್ಮೆ ಸುತ್ತಿಬರುವ ಉಪಾಧ್ಯಾಯರು ಮಾಡುವ ಕೆಲಸ ಯಾವ ವಿಶ್ವವಿದ್ಯಾಲಯದ ಸಂಶೋಧನೆಗೂ ಕಡಿಮೆಯದಲ್ಲ.

ಆದರೆ ರೈಸನ ಸಂಪುಟಕ್ಕೂ ‘ಇಸು’ ಪ್ರತ್ಯಯ ಅಂಟಿಕೊಂಡೇ ಇದೆ. ಬಿಸಿಲಿನಲ್ಲಿ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಪಡಿಯಚ್ಚು ತೆಗೆದವರು, ಲಿಪಿಯನ್ನು ಬಿಡಿಸಿದ ಕನ್ನಡ, ತಮಿಳು, ತೆಲುಗು ಪಂಡಿತರು ಆ ದೊಡ್ಡ ಕೆಲಸದ ಹಿಂದೆ ನಿಂತಿದ್ದಾರೆ. ಅವರಲ್ಲಿ ಆರ್. ನರಸಿಂಹಾಚಾರ್ಯರು ಮುಂದೆ ತಾವೇ ಇಲಾಖೆಯ ಮುಖ್ಯರಾದರು, ಕರ್ನಾಟಕ ಕವಿಚರಿತೆಯಿಂದ ಮನೆಮಾತಾದರು. ಮಿಕ್ಕವರನ್ನು ತಜ್ಞರಲ್ಲದೆ ಇನ್ನಾರೂ ಬಲ್ಲವರಿಲ್ಲ. ಇದನ್ನು ರೈಸನ ಮೇಲಿನ ದೂರೆಂದು ತಿಳಿಯಬೇಕಾಗಿಲ್ಲ. ಶಿಕ್ಷಣ ಇಲಾಖೆಯಲ್ಲಿದ್ದಾಗ 1868ರಲ್ಲಿ ಅವನು ಸಿದ್ಧಪಡಿಸಿದ ಯೋಜನೆಯೊಂದು ಅವನ ಶಾಸನಸಂಪುಟಗಳಷ್ಟೇ ನೆನೆಯತಕ್ಕದ್ದು. ಪ್ರತಿ ಹೋಬಳಿಗೂ ಒಂದು ಶಾಲೆ ಇರಬೇಕು, ಸಾಮಾನ್ಯ ರೈತಾಪಿ ಜನರ ಮಕ್ಕಳಿಗೆ ಓದುಬರಹ ಅಲ್ಲಿ ಸಿಗಬೇಕು ಎಂಬುದು ಅದರ ತಿರುಳು. ಅದಕ್ಕೆ ಹೋಬಳಿ ಶಾಲೆಗಳ ಯೋಜನೆಯೆಂದೇ ಹೆಸರಾಯಿತು. ಹೋಬಳಿ ಎಂದರೆ ತಾಲ್ಲೂಕಿನ ಒಳಗಿನ ಕಂದಾಯ ವಿಭಾಗ, ಹತ್ತಾರು ಹಳ್ಳಿಗಳ ಗುಂಪು. ನರಸಾಪುರ ಅಂಥ ಹೋಬಳಿಗಳಲ್ಲೊಂದು. ಹಳೆಯ ಬರೆಹವನ್ನು ಓದುವ ಆಸೆಯೂ ಹೊಸ ಬರೆಹವನ್ನು ಹಳ್ಳಿಗೆ ಕೊಡುವ ಆಸೆಯೂ ಒಂದೇ ಮನಸ್ಸಿನಲ್ಲಿ ಕೂಡಿದ್ದವೆಂಬುದು ಆ ಉಪಾಧ್ಯಾಯನ ಬಾಳಿನಲ್ಲಿ ಎದ್ದುಕಾಣುವ ಸಂಗತಿ. ಎಲ್ಲ ಕೇರಿಯ ಮಕ್ಕಳಿಗೂ ಆ ಶಾಲೆಯ ಬಾಗಿಲು ತೆರೆಯಲು ಮತ್ತೂ ಬಹಳ ಕಾಲ ಹಿಡಿಯಿತು.

ಶಾಸನದ ಕಾಲ ಮುಗಿದು ಅಚ್ಚಿನ ಕಾಲ ಬಂದಾಗ ಈ ಸೀಮೆ ಕನ್ನಡಕ್ಕೆ ಇಬ್ಬರು ಹಿರಿಯ ಬರಹಗಾರರನ್ನು ಕೊಟ್ಟಿತು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ಕೂಡ ದಕ್ಕಲಿಲ್ಲ. ಆದರೂ ಅವರು ಕನ್ನಡ ನಾಡಿಗೆ ಪೌರನೀತಿಯ ಗುರುವಾದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ರಾಜ್ಯಾಂಗ, ಬಜೆಟ್, ಕಾವ್ಯ, ಉಪನಿಷತ್ತು ಎಲ್ಲವನ್ನೂ ಒಂದೇ ಚಾವಡಿಯಲ್ಲಿ ಓದಿಸಿದರು. ಅವರ ಜ್ಞಾಪಕ ಚಿತ್ರಶಾಲೆಯ ಎಂಟು ಸಂಪುಟಗಳು ಕನ್ನಡದಲ್ಲಿ ಸಮಾಜಚರಿತ್ರೆಗೆ ದೊರೆತ ಅಪೂರ್ವ ಆಕರ. ದಿವಾನರಿಗೆ, ಸಾಹಿತಿಗಳಿಗೆ, ಕಲಾವಿದರಿಗೆ ಬೇರೆ ಬೇರೆ ಸಂಪುಟಗಳಿವೆ. ಅವುಗಳ ಜೊತೆಗೆ ಮುಳಬಾಗಿಲಿನ ವೈದಿಕರು, ಪುರೋಹಿತರು, ಊರ ಉಪಾಧ್ಯಾಯರು, ಹಿತ್ತಲು ಜಗಲಿಗಳ ಅಜ್ಜಿಯರು, ಯಾವ ಶಾಸನವೂ ನೆನೆಯದ ಬಡ ಸಜ್ಜನರು ಅಲ್ಲಿ ಹೆಸರಿನೊಡನೆ, ನಡೆನುಡಿಯೊಡನೆ ಬಂದು ನಿಲ್ಲುತ್ತಾರೆ. ದಾನ ಕೊಟ್ಟದ್ದಕ್ಕಾಗಲಿ ಕಾದಿ ಸತ್ತದ್ದಕ್ಕಾಗಲಿ ಅಲ್ಲ, ಸುಮ್ಮನೆ ಬದುಕಿದ್ದಕ್ಕೇ ಒಬ್ಬ ಮನುಷ್ಯ ಬರೆಹಕ್ಕೆ ಯೋಗ್ಯನಾಗುತ್ತಾನೆಂಬುದನ್ನು ಈ ಸಂಪುಟಗಳು ತೋರಿಸಿಕೊಟ್ಟವು. ಅವುಗಳ ಮಿತಿಯನ್ನೂ ಹೇಳಲೇಬೇಕು. ಆ ಚಿತ್ರಶಾಲೆಯ ಬೆಳಕು ಹೆಚ್ಚಾಗಿ ಬಿದ್ದಿರುವುದು ಅಗ್ರಹಾರದ, ಪೇಟೆಯ, ಕಚೇರಿಯ ಮುಖಗಳ ಮೇಲೆ. ಕೆರೆಯ ಕೋಡಿಯಾಚೆಗಿನ ಕೇರಿ ಅಲ್ಲಿ ವಿರಳ. ಲೇಖಕರು ಕಂಡು ಬಾಳಿದ ಬೀದಿ ಯಾವುದೋ ಅದನ್ನೇ ಅವರು ನಿಷ್ಠೆಯಿಂದ ಬರೆದರು. ಉಳಿದ ಬೀದಿಗಳನ್ನು ಬರೆಯಲು ಅಲ್ಲಿ ಹುಟ್ಟಿದವರೇ ಬರಬೇಕಾಯಿತು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಹಿಡಿದ ದಾರಿ ಬೇರೆ. 1891ರಲ್ಲಿ ಹುಟ್ಟಿ, ಮನೆಯಲ್ಲಿ ತಮಿಳು ಆಡುತ್ತ ಬೆಳೆದು, ಮೈಸೂರು ಸರ್ಕಾರದ ಅಧಿಕಾರಿಯಾಗಿ ಜಿಲ್ಲೆ ಜಿಲ್ಲೆ ಸುತ್ತಿದ ಅವರು ರೈತರ ಅಹವಾಲು, ದಾಯಾದಿ ಜಗಳ, ಕಂದಾಯದ ಕಷ್ಟ ಇವನ್ನು ಕಡತಗಳಲ್ಲಿಯೂ ಕಣ್ಣೆದುರಿನಲ್ಲಿಯೂ ಕಂಡವರು. ಚಿಕವೀರ ರಾಜೇಂದ್ರ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಇಲ್ಲಿನ ಮಾತಿಗೆ ಹೆಚ್ಚು ಒದಗುವುದು ಅವರ ‘ಮೊಸರಿನ ಮಂಗಮ್ಮ’ ಎಂಬ ಸಣ್ಣಕಥೆ. ಮೊಸರು ಮಾರಲು ಹಳ್ಳಿಯಿಂದ ಪಟ್ಟಣಕ್ಕೆ ಬರುವ ಹೆಂಗಸು, ತನ್ನ ಮನೆಯ ಅತ್ತೆಸೊಸೆಯರ ಮನಸ್ತಾಪವನ್ನು ಮೊಸರು ಕೊಳ್ಳುವ ಮನೆಯಾಕೆಗೆ ಹೇಳಿಕೊಳ್ಳುವುದಷ್ಟೇ ಕಥೆ. ಮೊಸರನ್ನು ಹೆಪ್ಪು ಹಾಕಿದವಳೂ ಹೊತ್ತವಳೂ ಮಾರಿದವಳೂ ಮಾತಾಡಿದವಳೂ ಅವಳೇ. ಕಥೆಯ ಹೆಸರಿನಲ್ಲೇ ಅವಳ ಹೆಸರಿದೆ, ಅವಳ ಕಸುಬೂ ಇದೆ. ಚರಿತ್ರೆಯ ಪುಸ್ತಕ ಮಾಡಲಾರದ್ದನ್ನು ಸಣ್ಣಕಥೆ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ಹುಡುಕುವುದು ಕಷ್ಟ.

ಕೋಡಿಯಾಚೆಗಿನ ಕೇರಿ ತಾನೇ ಬರೆಯಲು, ಅದಕ್ಕಿಂತ ಮೊದಲು ತಾನೇ ಹಾಡಲು, ತೊಡಗಿದ್ದು 1970ರ ದಶಕದಲ್ಲಿ. ದಲಿತ ಸಂಘರ್ಷ ಸಮಿತಿ ಗಟ್ಟಿಯಾಗಿ ಬೇರೂರಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಸಭೆಗೆ ಮುಂಚೆ ಹಾಡು, ಜಾಥಾದ ಉದ್ದಕ್ಕೂ ಹಾಡು, ಬೀದಿನಾಟಕದ ನಡುವೆ ತಮಟೆಯ ಗತ್ತಿಗೆ ಹಾಡು ಎಂಬ ಪದ್ಧತಿ ಈ ಸೀಮೆಯಿಂದ ಇಡೀ ರಾಜ್ಯಕ್ಕೆ ಹಬ್ಬಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಎಂಬ ಹೆಸರಿನಿಂದ ಬೆಳುದಿಂಗಳ ರಾತ್ರಿಗಳಲ್ಲಿ ಹಾಡು ನಾಟಕಗಳು ನಡೆದುಕೊಂಡು ಬಂದವು. ಕನ್ನಡವನ್ನೂ ತೆಲುಗನ್ನೂ ಒಂದೇ ಬಾಯಲ್ಲಿ ಆಡುವ ಈ ಜನರಲ್ಲಿ ನಾಟಿಯ ಪದ ಒಂದು ಭಾಷೆಯದಲ್ಲ, ಎರಡು ಭಾಷೆಯದು. ಹಾಡಿದವರ ಚರಿತ್ರೆಯನ್ನು ಬರೆಯುವವರು ಎರಡಕ್ಕೂ ಕಿವಿಗೊಡಬೇಕು. ಕೆರೆಗಾಗಿ ಮನೆಯ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯನ್ನು ಹೇಳುವ ‘ಕೆರೆಗೆ ಹಾರ’ ಎಂಬ ಜನಪದ ಹಾಡು ಕನ್ನಡಿಗರಿಗೆಲ್ಲ ಪರಿಚಿತ. ಅಲ್ಲಿ ಕೆರೆ ಕಟ್ಟಿಸಿದ ಗೌಡನಿಗಿಂತ ಕೆರೆಗೆ ಇಳಿದ ಹೆಣ್ಣಿನ ಹೆಸರೇ ಜನರ ನಾಲಗೆಯ ಮೇಲೆ ಉಳಿಯಿತು. ಕಲ್ಲು ಮರೆತದ್ದನ್ನು ಕಂಠ ಮರೆಯಲಿಲ್ಲ.

ಕೆರೆಯನ್ನು ಕಟ್ಟಿದ ಕೈಗಳಷ್ಟೇ ಅದನ್ನು ಕಾದ ಕೈಗಳೂ ಈ ಚರಿತ್ರೆಗೆ ಸೇರಬೇಕು. ಕೋಲಾರದ ಹಳ್ಳಿಗಳಲ್ಲಿ ಕೆರೆಯ ನೀರು ಬಿಡುವ ನೀರಗಂಟಿಯ ಕೆಲಸ ವಂಶಪಾರಂಪರ್ಯವಾಗಿ ನಡೆದು ಬಂತು. ಅದನ್ನು ಮಾಡುತ್ತಿದ್ದವರು ಬಹುಮಟ್ಟಿಗೆ ದಲಿತ ಕುಟುಂಬಗಳವರು. ತೂಬು ಎಂದರೆ ಏರಿಯ ಅಡಿಯಿಂದ ನೀರು ಬಿಡುವ ಕಂಡಿ. ಕೆರೆಯೊಳಗೆ ಎರಡು ಕಲ್ಲುಕಂಬ ನೆಟ್ಟು, ಅಡ್ಡಲಾಗಿ ತೂತು ಕೊರೆದ ಕಲ್ಲಿಟ್ಟು, ಆ ತೂತಿನ ಮೂಲಕ ಇಳಿಬಿಟ್ಟ ಉದ್ದನೆಯ ಕೋಲಿನ ತುದಿಗೆ ಬೆಣೆ ಕಟ್ಟಿರುತ್ತಾರೆ. ನೀರಗಂಟಿ ನೀರಿಗಿಳಿದು, ಕಂಬ ಹತ್ತಿ, ಕೋಲನ್ನು ಬೇಕಾದಷ್ಟು ಮಾತ್ರ ಮೇಲಕ್ಕೆ ಎಳೆದು ನಿಲ್ಲಿಸುತ್ತಿದ್ದ. ಆ ವರ್ಷ ಕೆರೆಗೆ ಎಷ್ಟು ನೀರು ಬಂದಿದೆ, ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ಅದು ಸಾಲುತ್ತದೆ, ಮೊದಲು ಯಾವ ಗದ್ದೆಗೆ, ರಾತ್ರಿ ಯಾರ ಸರದಿ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಕಣದಿಂದ ಇಷ್ಟು ಮೊರ ಧಾನ್ಯ ಅವನ ಪಾಲು. ಶಾನುಭೋಗರು ಹೊಲಗದ್ದೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದರು, ನೀರಗಂಟಿ ನೀರಿನ ಲೆಕ್ಕವನ್ನು ಬರೆಯದೆ ನಡೆಸಿದ. ಒಂದು ದಫ್ತರದಲ್ಲಿ ಉಳಿಯಿತು, ಇನ್ನೊಂದು ಆ ಮನುಷ್ಯನೊಡನೆ ಮಣ್ಣಾಯಿತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗಾಣಿಸಿತು. ಹುಟ್ಟಿನಿಂದ ಕೆಲಸ ಹೊರಿಸುವ ಪದ್ಧತಿ ಹೋದದ್ದು ನ್ಯಾಯವೇ; ಅದರೊಡನೆ ಹೋದ ವಿದ್ಯೆಯನ್ನು ಬರೆದಿಟ್ಟುಕೊಳ್ಳಲಿಲ್ಲವೆಂಬುದು ನಷ್ಟವೇ. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ಸಮಾಜದ ಬಗ್ಗೆ ಬರೆಯುವವರಿಗೆ ಇರಬೇಕು.

ಇಂದಿನ ನರಸಾಪುರ ಕೆರೆಯಿಂದಲ್ಲ, ಕೈಗಾರಿಕಾ ಪ್ರದೇಶದಿಂದ ಹೆಸರಾಗಿದೆ. 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಇಲ್ಲಿ ಶುರುವಾಯಿತು. ಮುಂದೆ ಜಗತ್ತಿನ ಮಾರುಕಟ್ಟೆಗೆ ಹೋಗುವ ಐಫೋನುಗಳ ಜೋಡಣೆಯೂ ಇಲ್ಲಿ ನಡೆಯಿತು. ಬೆಳಗಿನ ಜಾವ ಪಾಳಿ ಬದಲಾಗುವ ಹೊತ್ತಿಗೆ ಹೆದ್ದಾರಿಯಲ್ಲಿ ಸಾಲುಗಟ್ಟುವ ಬಸ್ಸುಗಳಿಂದ ಇಳಿಯುವ ಹುಡುಗಿಯರು ಹುಡುಗರು ಸುತ್ತಲಿನ ತಾಲ್ಲೂಕುಗಳವರೂ ಹೌದು, ದೂರದ ರಾಜ್ಯಗಳವರೂ ಹೌದು. ಅವರ ಬೆರಳು ಜೋಡಿಸಿದ ಫೋನಿನ ಬೆನ್ನ ಮೇಲೆ ಇರುವುದು ಮಾಡಿಸಿದವರ ಗುರುತು. ಇತ್ತ ಬತ್ತಿದ್ದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಕೊಳಚೆನೀರು ಸಂಸ್ಕರಣೆಗೊಂಡು ಬರತೊಡಗಿತು. ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಬಂದ ಆ ನೀರು ಒಂದು ಕೆರೆಯ ಕೋಡಿಯಿಂದ ಮುಂದಿನದಕ್ಕೆ ಇಳಿಯುತ್ತ ನರಸಾಪುರದ ಕೆರೆಯನ್ನೂ ತುಂಬಿಸಿತು. ಕೊಳವೆಬಾವಿಗಳಿಗೆ ಜೀವ ಬಂತೆಂದು ಸಂತೋಷಪಟ್ಟ ರೈತರಿದ್ದಾರೆ, ಇನ್ನೂ ಒಂದು ಹಂತದ ಶುದ್ಧೀಕರಣ ಬೇಕೆಂದು ಪಟ್ಟುಹಿಡಿದ ರೈತರೂ ಇದ್ದಾರೆ. ಎರಡೂ ಮಾತುಗಳು ಆ ಕೆರೆಯ ಚರಿತ್ರೆಗೆ ಸೇರಿದವು. ಬೇಸಿಗೆಯಲ್ಲಿ ಅಂಗಳದ ಗೋಡುಮಣ್ಣನ್ನು ಹೊಲಕ್ಕೆ ಹೇರುತ್ತಿದ್ದ ಕೆರೆಗಳಲ್ಲಿ ಈಗ ಬೇಸಿಗೆಯಲ್ಲೂ ನೀರು ನಿಂತಿರುವುದನ್ನು ಹಳಬರು ಮೆಚ್ಚಿಕೆಯಿಂದಲೂ ಅನುಮಾನದಿಂದಲೂ ನೋಡುತ್ತಾರೆ.

ಹೋಬಳಿಯ ಹಳೆಯ ಶಾಲೆಗಳ ಬೀರುಗಳಲ್ಲಿ ದಾಖಲಾತಿ ಪುಸ್ತಕ ಎಂಬುದೊಂದು ಇರುತ್ತದೆ. ರಟ್ಟು ಬಿರಿದ, ಅಂಚು ಹಳದಿಯಾದ, ಉದ್ದ ಗೆರೆ ಹಾಕಿದ ದಪ್ಪ ಪುಸ್ತಕ ಅದು. ಮಗುವಿನ ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ದಿನ, ತಂದೆಯ ಕಸುಬು ಎಂದು ಒಂದೊಂದಕ್ಕೂ ಒಂದೊಂದು ಅಂಕಣ. ಒಡ್ಡರ ಮಗನೂ ನೀರಗಂಟಿಯ ಮಗಳೂ ಮೊತ್ತಮೊದಲು ತಮ್ಮ ಹೆಸರಿನಿಂದ ಬರೆಹಕ್ಕೆ ಬಂದದ್ದು ಈ ಪುಸ್ತಕದ ಗೆರೆಗಳ ನಡುವೆ. ಅಲ್ಲಿ ಅವರು ಯಾರಿಗಾಗಿಯೂ ಸಾಯಬೇಕಾಗಿರಲಿಲ್ಲ, ಶಾಲೆಗೆ ಬಂದರೆ ಸಾಕಿತ್ತು. ಕಸುಬಿನ ಅಂಕಣದಲ್ಲಿ ಮಾತ್ರ ಪುಟದ ನಂತರ ಪುಟ ಒಂದೇ ಪದ, ಕೂಲಿ. ಏರಿಗೆ ಮಣ್ಣು ಹಾಕಿ ಎಮ್ಮೆಗಳಿಂದ ತುಳಿಸಿ ಗಟ್ಟಿ ಮಾಡಬಲ್ಲವನೂ ಕೂಲಿ, ಬಂಡೆಯ ನಾರು ನೋಡಿ ಎಲ್ಲಿ ಉಳಿ ಇಟ್ಟರೆ ಸೀಳುತ್ತದೆಂದು ಹೇಳಬಲ್ಲವನೂ ಕೂಲಿ, ತೂಬಿನ ಕೋಲನ್ನು ಎರಡು ಬೆರಳಷ್ಟು ಎತ್ತಿದರೆ ಎಷ್ಟು ಗದ್ದೆ ನೆನೆಯುತ್ತದೆಂದು ಬಲ್ಲವನೂ ಕೂಲಿ. ಆ ಪುಸ್ತಕವನ್ನು ಮುಂದಿಟ್ಟುಕೊಂಡು, ಆ ಹೆಸರುಗಳ ಮನೆಗಳಿಗೆ ಈಗಿನ ಮಕ್ಕಳನ್ನು ಕಳಿಸಿ, ನಿಮ್ಮ ತಾತ ಯಾವ ಕೆರೆಗೆ ಮಣ್ಣು ಹೊತ್ತರು, ಅಜ್ಜಿ ಯಾವ ಏರಿಗೆ ಬುಟ್ಟಿ ಎತ್ತಿಕೊಟ್ಟರು ಎಂದು ಕೇಳಿಸಿಕೊಂಡು ಬರಲು ಹೇಳುವ ಉಪಾಧ್ಯಾಯರ ಮುಂದೆ ಒಂದು ತರಗತಿಗೆ ಸಾಕಾಗುವಷ್ಟು ವಾಕ್ಯಗಳು ಬಂದು ಬೀಳುತ್ತವೆ, ಮತ್ತು ಆ ವಾಕ್ಯಗಳ ಕ್ರಿಯಾಪದ ಕಟ್ಟಿದರು ಎಂದೇ ಇರುತ್ತದೆ.